ಸೋತವರು ಅಧಿಕಾರ ಬಿಟ್ಟುಕೊಟ್ಟ ವರ್ಷ

ಜೋಸೆಫ್ ನಿಕಲ್ಸನ್ ಅವರಿಗೆ ಮೈ ಸುಡುವ ಜ್ವರ. ಹೊರಗೆ ಹಿಮ ಸುರಿಯುತ್ತಿತ್ತು. ಮೇರಿಲ್ಯಾಂಡ್ ರಾಜ್ಯದ ಈ ಪ್ರತಿನಿಧಿಯನ್ನು 1801ರ ಫೆಬ್ರವರಿ 11ರಂದು ಹಾಸಿಗೆಯ ಸಮೇತ ಹೊತ್ತು ವಾಷಿಂಗ್ಟನ್‌ನ ಸಂಸತ್ ಭವನಕ್ಕೆ ತಂದರು. ಸಭಾಂಗಣದ ಪಕ್ಕದ ಕೋಣೆಯಲ್ಲಿ ಮಲಗಿಸಿದರು. ಪತ್ನಿ ಬಳಿಯಲ್ಲೇ ಇದ್ದು ಆರೈಕೆ ಮಾಡಿದರು. ಪ್ರತಿ ಸುತ್ತಿನ ಮತದಾನದಲ್ಲೂ ಅವರು ಮಲಗಿದ್ದಲ್ಲಿಂದಲೇ ಮತ ಹಾಕಿದರು.

ಅವರ ಒಂದು ಮತಕ್ಕೆ ಅಷ್ಟು ಬೆಲೆ ಇತ್ತು. ಅಮೆರಿಕದ ಮೂರನೇ ಅಧ್ಯಕ್ಷ ಯಾರು ಎಂಬುದನ್ನು ಪ್ರತಿನಿಧಿ ಸಭೆ ಆ ದಿನ ತೀರ್ಮಾನಿಸಬೇಕಿತ್ತು. ಥಾಮಸ್ ಜೆಫರ್ಸನ್ ಮತ್ತು ಆರನ್ ಬರ್ ಇಬ್ಬರಿಗೂ ತಲಾ 73 ಮತ ಬಂದಿದ್ದವು. ಇಬ್ಬರೂ ಒಂದೇ ಪಕ್ಷದವರು. ಆಯ್ಕೆ ಮಾಡಬೇಕಾದ ಸಭೆಯಲ್ಲಿ ಬಹುಮತ ಇದ್ದದ್ದು ಆಗಷ್ಟೇ ಚುನಾವಣೆ ಸೋತ ಎದುರು ಪಕ್ಷಕ್ಕೆ. ಹಳೆಯ ಅಧ್ಯಕ್ಷರ ಅವಧಿ ಮುಗಿಯಲು ಮೂರು ವಾರವಷ್ಟೇ ಉಳಿದಿತ್ತು.

ಅಮೆರಿಕದ ಗಣರಾಜ್ಯ ಹುಟ್ಟಿದ ದಿನ ಯಾವುದು ಎಂದು ಕೇಳಿದರೆ ಹೆಚ್ಚಿನವರು 1776ರ ಜುಲೈ 4 ಎನ್ನುತ್ತಾರೆ. ಸಂವಿಧಾನ ಓದಿದವರು 1787 ಎನ್ನುತ್ತಾರೆ. ಆ ಗಣರಾಜ್ಯ ಬಾಳುತ್ತದೆ ಎಂದು ಗೊತ್ತಾದದ್ದು ಮಾತ್ರ 1801ರಲ್ಲಿ, ಸೋತವರು ಅಧಿಕಾರ ಬಿಟ್ಟುಕೊಟ್ಟಾಗ.

ಕತ್ತಿ ಕೆಳಗಿಟ್ಟ ಸೇನಾಪತಿ

ಅಧಿಕಾರ ಬಿಟ್ಟುಕೊಡುವ ಪಾಠ ಅಲ್ಲಿ ಶುರುವಾದದ್ದು ಹದಿನೆಂಟು ವರ್ಷ ಮೊದಲು, 1783ರಲ್ಲಿ, ಬ್ರಿಟಿಷರ ವಿರುದ್ಧದ ಯುದ್ಧ ಗೆದ್ದ ಮೇಲೆ. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್ ಅವರ ಪಡೆ ಶರಣಾಯಿತು. ಕನ್ನಡಿಗರಿಗೆ ಈ ಹೆಸರು ಹೊಸದಲ್ಲ. ಹನ್ನೊಂದು ವರ್ಷಗಳ ನಂತರ, 1792ರಲ್ಲಿ, ಇದೇ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು, ಟಿಪ್ಪುವಿನ ಅರ್ಧ ರಾಜ್ಯವನ್ನೂ, ಒತ್ತೆಯಾಗಿ ಇಬ್ಬರು ಮಕ್ಕಳನ್ನೂ ಪಡೆದರು. ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ಅಮೆರಿಕನ್ನರಿಗೂ ಮೈಸೂರಿನ ಸುದ್ದಿ ತಲುಪುತ್ತಿತ್ತು. ಪೆನ್ಸಿಲ್ವೇನಿಯಾ ರಾಜ್ಯ ತನ್ನ ಯುದ್ಧನೌಕೆಯೊಂದಕ್ಕೆ ಹೈದರಾಲಿಯ ಹೆಸರಿಟ್ಟಿತ್ತು. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಆ ನೌಕೆ ತನಗಿಂತ ಬಲವಾದ ಬ್ರಿಟಿಷ್ ಹಡಗೊಂದನ್ನು ಸೆರೆಹಿಡಿಯಿತು.

ಯುದ್ಧ ಗೆದ್ದ ಸೇನೆಗೆ ಸಂಬಳ ಬಂದಿರಲಿಲ್ಲ. 1783ರ ಮಾರ್ಚ್‌ನಲ್ಲಿ ನ್ಯೂಬರ್ಗ್ ಶಿಬಿರದ ಅಧಿಕಾರಿಗಳು ರಾಜ್ಯಗಳ ಒಕ್ಕೂಟದ ಸಭೆಯಾದ ಕಾಂಗ್ರೆಸ್‌ನ ವಿರುದ್ಧ ಗುಸುಗುಸು ಆರಂಭಿಸಿದ್ದರು. ಜನರ ಪ್ರೀತಿ, ಸೈನಿಕರ ನಿಷ್ಠೆ ಎರಡೂ ಜಾರ್ಜ್ ವಾಷಿಂಗ್ಟನ್ ಕೈಯಲ್ಲಿದ್ದವು. ಅವರು ಮನಸ್ಸು ಮಾಡಿದ್ದರೆ ಆ ಅಸಮಾಧಾನದ ಮೇಲೆಯೇ ಸಿಂಹಾಸನ ಕಟ್ಟಬಹುದಿತ್ತು. ಅವರು ಅಧಿಕಾರಿಗಳನ್ನು ಸಮಾಧಾನಪಡಿಸಿದರು. ಅದೇ ವರ್ಷದ ಡಿಸೆಂಬರ್ 23ರಂದು ಅನಾಪೊಲಿಸ್‌ನಲ್ಲಿ ಸೇರಿದ್ದ ಕಾಂಗ್ರೆಸ್ ಮುಂದೆ ನಿಂತು ಸೇನಾಪತಿ ಹುದ್ದೆಗೆ ರಾಜೀನಾಮೆ ಕೊಟ್ಟು, ಮೌಂಟ್ ವರ್ನನ್‌ನ ತಮ್ಮ ಮನೆಗೆ ಹೊರಟರು. ಗೆದ್ದ ಸೇನಾಪತಿ ದೊರೆಯಾಗುವುದನ್ನೇ ಕಂಡಿದ್ದ ಆ ಕಾಲಕ್ಕೆ ಇದು ಹೊಸ ನಡೆ.

ಪಕ್ಷಗಳನ್ನು ಊಹಿಸದ ಸಂವಿಧಾನ

ಆಗಿನ ಕೇಂದ್ರ ಸರ್ಕಾರ ಹೆಸರಿಗಷ್ಟೇ ಇತ್ತು. 1781ರಲ್ಲಿ ಜಾರಿಗೆ ಬಂದ ಒಕ್ಕೂಟದ ಕರಾರಿನ ಪ್ರಕಾರ ಕಾಂಗ್ರೆಸ್ ತೆರಿಗೆ ಹಾಕುವಂತಿರಲಿಲ್ಲ. ಕರಾರು ತಿದ್ದಲು ಹದಿಮೂರೂ ರಾಜ್ಯಗಳು ಒಪ್ಪಬೇಕಿತ್ತು. 1786ರಲ್ಲಿ ಮ್ಯಾಸಚೂಸೆಟ್ಸ್‌ನ ಪಶ್ಚಿಮ ಭಾಗದ ರೈತರು ದಂಗೆ ಎದ್ದರು. ಸಾಲ ಮತ್ತು ತೆರಿಗೆಯಲ್ಲಿ ಮುಳುಗಿದ್ದ ಅವರಲ್ಲಿ ಹಲವರು ಸ್ವಾತಂತ್ರ್ಯಕ್ಕಾಗಿ ಬಂದೂಕು ಹಿಡಿದಿದ್ದವರೇ. ಜಮೀನು ಜಪ್ತಿಯ ತೀರ್ಪು ಬರದಂತೆ ಕೋರ್ಟುಗಳ ಬಾಗಿಲು ಮುಚ್ಚಿಸಿದರು. ಡೇನಿಯಲ್ ಶೇಸ್ ಹೆಸರಿನಲ್ಲಿ ಪ್ರಸಿದ್ಧವಾದ ಈ ದಂಗೆಯನ್ನು ಅಡಗಿಸಲು ಕೇಂದ್ರದ ಬಳಿ ಹಣವೂ ಇರಲಿಲ್ಲ, ಸೈನ್ಯವೂ ಇರಲಿಲ್ಲ. ಬಾಸ್ಟನ್‌ನ ವರ್ತಕರು ಕೊಟ್ಟ ಹಣದಲ್ಲಿ ಪಡೆ ಕಟ್ಟಬೇಕಾಯಿತು.

ಈ ದಂಗೆ ಹುಟ್ಟಿಸಿದ ಭಯವೇ 1787ರ ಮೇ ತಿಂಗಳಲ್ಲಿ ರಾಜ್ಯಗಳ ಪ್ರತಿನಿಧಿಗಳನ್ನು ಫಿಲಡೆಲ್ಫಿಯಾದಲ್ಲಿ ಕೂರಿಸಿತು. ಹನ್ನೆರಡು ರಾಜ್ಯಗಳಿಂದ 55 ಮಂದಿ ಬಂದರು. ರೋಡ್ ಐಲೆಂಡ್ ಯಾರನ್ನೂ ಕಳಿಸಲಿಲ್ಲ. ಬೇಸಿಗೆಯಿಡೀ ಗುಟ್ಟಾಗಿ ಚರ್ಚಿಸಿ, ಸೆಪ್ಟೆಂಬರ್ 17ರಂದು 39 ಮಂದಿ ಹೊಸ ಸಂವಿಧಾನಕ್ಕೆ ಸಹಿ ಹಾಕಿದರು. 1788ರ ಜೂನ್ 21ರಂದು ನ್ಯೂ ಹ್ಯಾಂಪ್‌ಶೈರ್ ಒಪ್ಪಿಗೆ ಕೊಟ್ಟಾಗ, ಅಗತ್ಯವಿದ್ದ ಒಂಬತ್ತು ರಾಜ್ಯಗಳ ಸಂಖ್ಯೆ ತುಂಬಿತು. ವಾಕ್ ಸ್ವಾತಂತ್ರ್ಯ, ಧರ್ಮ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯಗಳ ಭರವಸೆ ಅದರಲ್ಲಿ ಇರಲಿಲ್ಲ. ಜನರ ಒತ್ತಾಯದಿಂದ ಹತ್ತು ತಿದ್ದುಪಡಿಗಳಾಗಿ ಅವು 1791ರ ಡಿಸೆಂಬರ್ 15ರಂದು ಸೇರಿದವು.

ಮುಂದಿನ ಕಥೆಗೆ ಬೇಕಾದ ಎರಡು ನಿಯಮಗಳು ಆ ಸಂವಿಧಾನದಲ್ಲಿದ್ದವು. ಒಂದು, ಅಧ್ಯಕ್ಷರನ್ನು ಆರಿಸುವ ಬಗೆ. ಪ್ರತಿ ರಾಜ್ಯವೂ ಎಲೆಕ್ಟರ್‌ಗಳನ್ನು ನೇಮಿಸುತ್ತಿತ್ತು, ಒಬ್ಬೊಬ್ಬ ಎಲೆಕ್ಟರ್ ಇಬ್ಬರಿಗೆ ಮತ ಹಾಕುತ್ತಿದ್ದರು. ಅತಿ ಹೆಚ್ಚು ಮತ ಮತ್ತು ಬಹುಮತ ಪಡೆದವರು ಅಧ್ಯಕ್ಷ, ಎರಡನೆಯವರು ಉಪಾಧ್ಯಕ್ಷ. ಅಧ್ಯಕ್ಷ ಸ್ಥಾನಕ್ಕೆ ಇದು, ಉಪಾಧ್ಯಕ್ಷ ಸ್ಥಾನಕ್ಕೆ ಅದು ಎಂದು ಮತವನ್ನು ಬೇರೆ ಮಾಡುವಂತಿರಲಿಲ್ಲ. ಸಮ ಮತ ಬಂದರೆ ಪ್ರತಿನಿಧಿ ಸಭೆ ತೀರ್ಮಾನಿಸಬೇಕಿತ್ತು. ಅಲ್ಲಿ ದೊಡ್ಡದಿರಲಿ ಚಿಕ್ಕದಿರಲಿ, ರಾಜ್ಯಕ್ಕೆ ಒಂದೇ ಮತ. ರಾಜಕೀಯ ಪಕ್ಷಗಳು ಹುಟ್ಟುತ್ತವೆಂದು ಎಣಿಸದವರು ಬರೆದ ನಿಯಮ ಇದು.

ಎರಡನೆಯದು ಗುಲಾಮರ ಲೆಕ್ಕ. ಪ್ರತಿನಿಧಿ ಸಭೆಯ ಸ್ಥಾನಗಳನ್ನು ಹಂಚುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸಬೇಕಿತ್ತು. ಎಲೆಕ್ಟರ್‌ಗಳ ಸಂಖ್ಯೆ ನಿಂತದ್ದೂ ಈ ಲೆಕ್ಕದ ಮೇಲೆಯೇ. 1790ರ ಮೊದಲ ಜನಗಣತಿಯಲ್ಲಿ ದೇಶದ ಜನಸಂಖ್ಯೆ ಸುಮಾರು 39 ಲಕ್ಷ, ಅವರಲ್ಲಿ ಗುಲಾಮರು ಸುಮಾರು 7 ಲಕ್ಷ. ಮತವಿಲ್ಲದ, ಹಕ್ಕಿಲ್ಲದ ಈ ಜನರ ತಲೆ ಎಣಿಕೆಯಿಂದ ಅವರ ಯಜಮಾನರ ರಾಜ್ಯಗಳಿಗೆ ಹೆಚ್ಚು ಮತ ಸಿಕ್ಕಿತು.

ಒಂದೇ ಸಂಪುಟ, ಎರಡು ಪಾಳಯ

1789ರ ಏಪ್ರಿಲ್ 30ರಂದು ನ್ಯೂಯಾರ್ಕ್‌ನಲ್ಲಿ ವಾಷಿಂಗ್ಟನ್ ಪ್ರಮಾಣವಚನ ಸ್ವೀಕರಿಸಿದರು. ಎಲ್ಲ 69 ಎಲೆಕ್ಟರ್‌ಗಳೂ ಅವರಿಗೆ ಮತ ಹಾಕಿದ್ದರು. ಆ ಒಮ್ಮತ ಬಹಳ ದಿನ ಬಾಳಲಿಲ್ಲ. ಖಜಾನೆ ನೋಡಿಕೊಳ್ಳುತ್ತಿದ್ದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ರಾಜ್ಯಗಳ ಯುದ್ಧದ ಸಾಲವನ್ನು ಕೇಂದ್ರವೇ ಹೊರಬೇಕೆಂದರು, ರಾಷ್ಟ್ರೀಯ ಬ್ಯಾಂಕ್ ಬೇಕೆಂದರು, ವ್ಯಾಪಾರ ಬೆಳೆಸುವ ಬಲವಾದ ಸರ್ಕಾರ ಬೇಕೆಂದರು. ವಿದೇಶಾಂಗ ನೋಡಿಕೊಳ್ಳುತ್ತಿದ್ದ ಜೆಫರ್ಸನ್‌ಗೆ ಇದರಲ್ಲಿ ಇಂಗ್ಲೆಂಡಿನ ನೆರಳು ಕಂಡಿತು. ಕೃಷಿಕರ ದೇಶ, ಕೈ ಕಟ್ಟಿದ ಕೇಂದ್ರ, ಅಧಿಕಾರವುಳ್ಳ ರಾಜ್ಯಗಳು ಅವರ ಕನಸು. ಒಂದೇ ಸಂಪುಟದ ಈ ಇಬ್ಬರ ಹಿಂದೆ ಎರಡು ಪಕ್ಷ ಬೆಳೆದವು: ಫೆಡರಲಿಸ್ಟರು ಮತ್ತು ರಿಪಬ್ಲಿಕನ್ನರು. ಇಂದಿನ ರಿಪಬ್ಲಿಕನ್ ಪಕ್ಷ ಹುಟ್ಟಿದ್ದು 1854ರಲ್ಲಿ. ಜೆಫರ್ಸನ್ ಪಕ್ಷಕ್ಕೂ ಅದಕ್ಕೂ ಹೆಸರು ಬಿಟ್ಟರೆ ನಂಟಿಲ್ಲ.

ವಾಷಿಂಗ್ಟನ್ ಎರಡು ಅವಧಿ ಮುಗಿಸಿ, ಮೂರನೆಯದು ಬೇಡವೆಂದರು. 1796ರ ಸೆಪ್ಟೆಂಬರ್‌ನಲ್ಲಿ ಪತ್ರಿಕೆಯಲ್ಲಿ ಪ್ರಕಟವಾದ ಬೀಳ್ಕೊಡುಗೆ ಸಂದೇಶದಲ್ಲಿ, ಪಕ್ಷ ದ್ವೇಷ ದೇಶವನ್ನು ಒಡೆಯಬಹುದು ಎಂದು ಎಚ್ಚರಿಸಿದರು. ಅದೇ ವರ್ಷದ ಚುನಾವಣೆಯಲ್ಲಿ ಫೆಡರಲಿಸ್ಟ್ ಜಾನ್ ಆಡಮ್ಸ್‌ಗೆ 71 ಮತ, ಎದುರಾಳಿ ಜೆಫರ್ಸನ್‌ಗೆ 68 ಮತ ಬಂದವು. ನಿಯಮದ ಪ್ರಕಾರ ಆಡಮ್ಸ್ ಅಧ್ಯಕ್ಷರಾದರು, ಅವರ ವಿರುದ್ಧ ಸೋತವರೇ ಅವರ ಉಪಾಧ್ಯಕ್ಷರಾದರು!

ಟೀಕೆಯೇ ಅಪರಾಧವಾದಾಗ

ಫ್ರಾನ್ಸ್ ಜೊತೆ ಘೋಷಣೆಯಿಲ್ಲದ ಸಮುದ್ರಯುದ್ಧ ನಡೆಯುತ್ತಿದ್ದ 1798ರಲ್ಲಿ, ಫೆಡರಲಿಸ್ಟರು ಆ ಭಯವನ್ನು ಎದುರಾಳಿಗಳ ವಿರುದ್ಧ ಬಳಸಿದರು. ವಲಸಿಗರು ಪೌರರಾಗಲು ಕಾಯಬೇಕಾದ ಅವಧಿ 5ರಿಂದ 14 ವರ್ಷಕ್ಕೆ ಏರಿತು. ಅಪಾಯಕಾರಿ ಎನ್ನಿಸಿದ ವಿದೇಶಿಯರನ್ನು ವಿಚಾರಣೆಯಿಲ್ಲದೆ ಹೊರಹಾಕುವ ಅಧಿಕಾರ ಅಧ್ಯಕ್ಷರಿಗೆ ಸಿಕ್ಕಿತು. ಇವೆಲ್ಲಕ್ಕಿಂತ ಕಠಿಣವಾದದ್ದು ಸೆಡಿಷನ್ ಕಾಯ್ದೆ. ಸರ್ಕಾರದ, ಕಾಂಗ್ರೆಸ್‌ನ ಅಥವಾ ಅಧ್ಯಕ್ಷರ ಬಗ್ಗೆ ದುರುದ್ದೇಶದ ಸುಳ್ಳು ಬರೆದರೆ 2,000 ಡಾಲರ್‌ವರೆಗೆ ದಂಡ, ಎರಡು ವರ್ಷದವರೆಗೆ ಸೆರೆ. ರಕ್ಷಣೆ ಪಡೆದವರ ಪಟ್ಟಿಯಲ್ಲಿ ಉಪಾಧ್ಯಕ್ಷರ ಹೆಸರಿರಲಿಲ್ಲ, ಏಕೆಂದರೆ ಆ ಸ್ಥಾನದಲ್ಲಿದ್ದವರು ಜೆಫರ್ಸನ್. ಕಾಯ್ದೆ ಕೊನೆಗೊಳ್ಳುವ ದಿನವನ್ನೂ ಬರೆದಿದ್ದರು: 1801ರ ಮಾರ್ಚ್ 3. ಆಡಮ್ಸ್ ಅವಧಿ ಮುಗಿಯುವುದೂ ಅಂದೇ.

ವರ್ಮಾಂಟ್‌ನ ಕಾಂಗ್ರೆಸ್ ಸದಸ್ಯ ಮ್ಯಾಥ್ಯೂ ಲಯನ್ ಈ ಕಾಯ್ದೆಯಡಿ ಮೊದಲು ಸಿಕ್ಕಿಬಿದ್ದರು. ಅಧ್ಯಕ್ಷರನ್ನು ಟೀಕಿಸಿದ್ದಕ್ಕೆ ನಾಲ್ಕು ತಿಂಗಳು ಸೆರೆ, 1,000 ಡಾಲರ್ ದಂಡ. ಅವರು ಜೈಲಿನಲ್ಲಿದ್ದಾಗಲೇ ಚುನಾವಣೆ ಬಂತು. ಮತದಾರರು ಅವರನ್ನೇ ಮತ್ತೆ ಗೆಲ್ಲಿಸಿದರು. ಈ ಹೆಸರು ನೆನಪಿರಲಿ.

ಸೋತ ಮೇಲೆ ನಿಯಮ ಬದಲಿಸಬಹುದೇ?

1800ರ ಚುನಾವಣೆ ಒಂದೇ ದಿನ ನಡೆದದ್ದಲ್ಲ. ರಾಜ್ಯಕ್ಕೊಂದು ದಿನ, ರಾಜ್ಯಕ್ಕೊಂದು ಪದ್ಧತಿ. ಹೆಚ್ಚಿನ ರಾಜ್ಯಗಳಲ್ಲಿ ಶಾಸನಸಭೆಗಳೇ ಎಲೆಕ್ಟರ್‌ಗಳನ್ನು ನೇಮಿಸುತ್ತಿದ್ದವು. ತಮಗೆ ಅನುಕೂಲವಾಗುವಂತೆ ವರ್ಜೀನಿಯಾದಲ್ಲಿ ಒಂದು ಪಕ್ಷ, ಮ್ಯಾಸಚೂಸೆಟ್ಸ್‌ನಲ್ಲಿ ಇನ್ನೊಂದು ಪಕ್ಷ ಪದ್ಧತಿಯನ್ನು ಮೊದಲೇ ತಿದ್ದಿಕೊಂಡಿದ್ದವು.

ನ್ಯೂಯಾರ್ಕ್‌ನ 12 ಮತಗಳೇ ನಿರ್ಣಾಯಕ. ಅಲ್ಲಿ ಬರ್ ವಾರ್ಡು ವಾರ್ಡಿಗೂ ಕಾರ್ಯಕರ್ತರನ್ನು ಕಟ್ಟಿ ದುಡಿದರು. ಮೇ ಆರಂಭಕ್ಕೆ ಶಾಸನಸಭೆ ರಿಪಬ್ಲಿಕನ್ನರ ಕೈಗೆ ಬಂತು. ಸೋಲು ಕಂಡ ಹ್ಯಾಮಿಲ್ಟನ್ ತಮ್ಮದೇ ಪಕ್ಷದ ಗವರ್ನರ್ ಜಾನ್ ಜೇಗೆ ಪತ್ರ ಬರೆದರು. ಹಳೆಯ ಶಾಸನಸಭೆಯ ಅವಧಿ ಮುಗಿಯುವ ಮೊದಲು ಅದನ್ನು ಕರೆಸಿ, ಎಲೆಕ್ಟರ್‌ಗಳನ್ನು ಆರಿಸುವ ನಿಯಮವನ್ನೇ ಬದಲಿಸಿ ಎಂಬುದು ಕೋರಿಕೆ. ಜೇ ಒಪ್ಪಲಿಲ್ಲ. ಪಕ್ಷದ ಲಾಭಕ್ಕಾಗಿ ಇಂಥ ಕೆಲಸ ಮಾಡುವುದು ತಮಗೆ ತಕ್ಕದ್ದಲ್ಲವೆಂದು ಆ ಪತ್ರದ ಮೇಲೆಯೇ ಬರೆದಿಟ್ಟರು. ಕಾನೂನು ಅಡ್ಡ ಬಂದದ್ದಲ್ಲ, ಒಬ್ಬ ಗವರ್ನರ್‌ನ ಮನಸ್ಸಾಕ್ಷಿ ಅಡ್ಡ ಬಂತು. ಆ ವರ್ಷ ಗಣರಾಜ್ಯವನ್ನು ಕಾಪಾಡಿದ ಮೊದಲ ನಿರಾಕರಣೆ ಇದು ಎಂದು ನಾನು ನಂಬುತ್ತೇನೆ.

ಎಣಿಕೆ ಮುಗಿದಾಗ ಆಡಮ್ಸ್‌ಗೆ 65 ಮತ, ಅವರ ಜೊತೆಗಾರ ಪಿಂಕ್ನಿಗೆ 64. ಫೆಡರಲಿಸ್ಟರು ಒಂದು ಮತವನ್ನು ಜೇ ಅವರಿಗೆ ಹಾಕಿ ಸಮಬಲ ತಪ್ಪಿಸಿಕೊಂಡಿದ್ದರು. ರಿಪಬ್ಲಿಕನ್ನರು ಆ ಜಾಣ್ಮೆ ತೋರಲಿಲ್ಲ. ಅವರ 73 ಎಲೆಕ್ಟರ್‌ಗಳೂ ಶಿಸ್ತಿನಿಂದ ಜೆಫರ್ಸನ್‌ಗೂ ಬರ್‌ಗೂ ಒಂದೊಂದು ಮತ ಹಾಕಿದರು. ಬರ್ ಉಪಾಧ್ಯಕ್ಷರಾಗಬೇಕೆಂಬುದು ಎಲ್ಲರಿಗೂ ಗೊತ್ತಿತ್ತು; ಸಂವಿಧಾನದ ಕಣ್ಣಿಗೆ ಮಾತ್ರ ಇಬ್ಬರೂ ಸಮ. ಬರ್ ತಾವಾಗಿ ಹಿಂದೆ ಸರಿಯಲಿಲ್ಲ.

ಮೂವತ್ತಾರು ಸುತ್ತು

ಆಗ ರಾಜ್ಯಗಳು ಹದಿನಾರು. ಗೆಲ್ಲಲು ಒಂಬತ್ತು ರಾಜ್ಯಗಳ ಮತ ಬೇಕು. ಮೊದಲ ಸುತ್ತಿನಲ್ಲಿ ಜೆಫರ್ಸನ್‌ಗೆ ಎಂಟು, ಬರ್‌ಗೆ ಆರು. ವರ್ಮಾಂಟ್ ಮತ್ತು ಮೇರಿಲ್ಯಾಂಡ್‌ಗಳಲ್ಲಿ ಸದಸ್ಯರು ಸಮನಾಗಿ ಒಡೆದಿದ್ದರಿಂದ ಅವುಗಳ ಮತ ಯಾರಿಗೂ ಇಲ್ಲ. ನಿಕಲ್ಸನ್ ಜ್ವರದಲ್ಲೂ ಬಂದದ್ದು ಇದಕ್ಕೇ. ಅವರಿಲ್ಲದಿದ್ದರೆ ಮೇರಿಲ್ಯಾಂಡ್ ಬರ್ ಪಾಲಾಗುತ್ತಿತ್ತು. ರಾತ್ರಿಯಿಡೀ ಮತದಾನ ನಡೆಯಿತು. ದಿನಗಳು ಉರುಳಿದವು. ಮೂವತ್ತೈದು ಸುತ್ತು ಮುಗಿದರೂ ಫಲಿತಾಂಶ ಕದಲಲಿಲ್ಲ.

ಹೊರಗೆ ಪರಿಸ್ಥಿತಿ ಬಿಗಡಾಯಿಸಿತು. ಮಾರ್ಚ್ 4ರವರೆಗೂ ಹೀಗೇ ಎಳೆದು, ತಮ್ಮವರೊಬ್ಬರನ್ನು ಹಂಗಾಮಿ ಅಧ್ಯಕ್ಷರನ್ನಾಗಿ ಕೂರಿಸುವ ಮಾತು ಫೆಡರಲಿಸ್ಟರಲ್ಲಿ ಕೇಳಿಬಂತು. ವರ್ಜೀನಿಯಾದ ಗವರ್ನರ್ ಜೇಮ್ಸ್ ಮನ್ರೋ, ಪೆನ್ಸಿಲ್ವೇನಿಯಾದ ಗವರ್ನರ್ ಥಾಮಸ್ ಮೆಕೀನ್ ಅಗತ್ಯ ಬಿದ್ದರೆ ರಾಜ್ಯದ ಪಡೆಗಳನ್ನು ಇಳಿಸಲು ಸಿದ್ಧರಿದ್ದರು. ಬಂದೂಕಿನಿಂದ ತೀರ್ಮಾನವಾಗುವ ದಿನ ದೂರವಿರಲಿಲ್ಲ.

ಮೇ ತಿಂಗಳಲ್ಲಿ ನಿಯಮ ಬದಲಿಸಿ ಎಂದಿದ್ದ ಹ್ಯಾಮಿಲ್ಟನ್ ಈಗ ಬೇರೆ ಮಾತನಾಡಿದರು. ಜೆಫರ್ಸನ್ ತಮ್ಮ ಸಿದ್ಧಾಂತದ ವೈರಿ ನಿಜ, ಆದರೆ ಅವರಿಗೊಂದು ಸಿದ್ಧಾಂತವಿದೆ. ಬರ್‌ಗೆ ಅಧಿಕಾರದ ಹಸಿವು ಬಿಟ್ಟರೆ ಬೇರೇನೂ ಇಲ್ಲ ಎಂದು ತಮ್ಮ ಪಕ್ಷದವರಿಗೆ ಪತ್ರದ ಮೇಲೆ ಪತ್ರ ಬರೆದರು. ಅವುಗಳಲ್ಲಿ ಕೆಲವು ಹೋದದ್ದು ಜೇಮ್ಸ್ ಬೇಯಾರ್ಡ್ ಅವರಿಗೆ. ಪುಟ್ಟ ಡೆಲವೇರ್‌ನ ಏಕೈಕ ಪ್ರತಿನಿಧಿಯಾದ ಬೇಯಾರ್ಡ್ ಕೈಯಲ್ಲಿ ಇಡೀ ರಾಜ್ಯದ ಮತವಿತ್ತು. ಸಂವಿಧಾನವೇ ಕುಸಿಯುವುದಾದರೆ ತಾನು ಹಟ ಹಿಡಿಯುವುದಿಲ್ಲವೆಂದು ಅವರು ನಿರ್ಧರಿಸಿದರು. ನೌಕಾಪಡೆ, ಸಾಲದ ಮರುಪಾವತಿ, ಕೆಳಹಂತದ ಅಧಿಕಾರಿಗಳ ಹುದ್ದೆ ಇವುಗಳ ಬಗ್ಗೆ ಜೆಫರ್ಸನ್ ಕಡೆಯಿಂದ ಭರವಸೆ ಸಿಕ್ಕಿತ್ತು ಎಂದು ಅವರು ಮುಂದೆ ಹೇಳಿದರು. ಜೆಫರ್ಸನ್ ಅದನ್ನು ಅಲ್ಲಗಳೆದರು.

ಫೆಬ್ರವರಿ 17ರ ಮೂವತ್ತಾರನೇ ಸುತ್ತಿನಲ್ಲಿ ಬೇಯಾರ್ಡ್ ಖಾಲಿ ಚೀಟಿ ಹಾಕಿದರು. ಮೇರಿಲ್ಯಾಂಡ್‌ನ ಫೆಡರಲಿಸ್ಟರೂ ಹಾಗೆಯೇ ಮಾಡಿದರು. ವರ್ಮಾಂಟ್‌ನ ಫೆಡರಲಿಸ್ಟ್ ಸದಸ್ಯರು ಸಭೆಗೇ ಬರಲಿಲ್ಲ. ಹೀಗಾಗಿ ಆ ರಾಜ್ಯದ ಮತ ಉಳಿದ ಒಬ್ಬರದ್ದಾಯಿತು: ಆಡಮ್ಸ್ ಸರ್ಕಾರ ಜೈಲಿಗೆ ಹಾಕಿದ್ದ ಮ್ಯಾಥ್ಯೂ ಲಯನ್. ಹತ್ತು ರಾಜ್ಯಗಳೊಂದಿಗೆ ಜೆಫರ್ಸನ್ ಗೆದ್ದರು. ಅವರ ವಿರುದ್ಧವಿದ್ದ ಒಬ್ಬ ಫೆಡರಲಿಸ್ಟ್ ಕೂಡ ಅವರ ಹೆಸರಿಗೆ ಮತ ಹಾಕಲಿಲ್ಲ. ಅಡ್ಡ ನಿಲ್ಲುವುದನ್ನು ಬಿಟ್ಟರು, ಅಷ್ಟೇ ಸಾಕಾಯಿತು.

ಹಸ್ತಾಂತರವಾದ ಮೇಲೆ

1801ರ ಮಾರ್ಚ್ 4ರ ಬೆಳಗಿನ ಜಾವ ನಾಲ್ಕು ಗಂಟೆಗೆ ಆಡಮ್ಸ್ ಕುದುರೆ ಬಂಡಿ ಹತ್ತಿ ಊರು ಬಿಟ್ಟರು. ಉತ್ತರಾಧಿಕಾರಿಯ ಪದಗ್ರಹಣಕ್ಕೆ ಅವರು ನಿಲ್ಲಲಿಲ್ಲ. ಮಗ ಚಾರ್ಲ್ಸ್ ತೀರಿಕೊಂಡು ಮೂರು ತಿಂಗಳಾಗಿತ್ತು. ಸೋಲಿನ ನೋವೂ ಹಸಿಯಾಗಿತ್ತು. ಅವರು ಹೋದ ರೀತಿಯನ್ನು ಟೀಕಿಸಿದವರಿದ್ದಾರೆ. ಸೇನೆ ಅವರ ಅಧೀನದಲ್ಲಿತ್ತು, ನ್ಯಾಯಾಲಯಗಳಲ್ಲಿ ಅವರು ನೇಮಿಸಿದವರಿದ್ದರು. ಆದರೂ ಹೋದರು ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಜೆಫರ್ಸನ್ ತಾವು ಉಳಿದಿದ್ದ ಬೋರ್ಡಿಂಗ್ ಹೌಸ್‌ನಿಂದ ಅರ್ಧ ಕಟ್ಟಿದ ಸಂಸತ್ ಭವನಕ್ಕೆ ನಡೆದೇ ಬಂದರು. ಪ್ರಮಾಣವಚನ ಬೋಧಿಸಿದವರು ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್, ಅವರ ದೂರದ ಬಂಧು ಮತ್ತು ರಾಜಕೀಯ ವೈರಿ. ಅಭಿಪ್ರಾಯ ಬೇರೆಯಾದ ಮಾತ್ರಕ್ಕೆ ತತ್ವ ಬೇರೆಯಾಗುವುದಿಲ್ಲ, ಎರಡೂ ಪಕ್ಷದವರು ನಾವೇ ಎಂಬ ಅರ್ಥದ ಮಾತನ್ನು ಜೆಫರ್ಸನ್ ಅಂದು ಆಡಿದರು. ಸೆಡಿಷನ್ ಕಾಯ್ದೆಯಡಿ ಶಿಕ್ಷೆಯಾದವರನ್ನು ಕ್ಷಮಿಸಿದರು. ಪೌರತ್ವದ ಅವಧಿ 1802ರಲ್ಲಿ ಮತ್ತೆ ಐದು ವರ್ಷಕ್ಕೆ ಇಳಿಯಿತು. ಹ್ಯಾಮಿಲ್ಟನ್ ಕಟ್ಟಿದ ಬ್ಯಾಂಕನ್ನು ಮಾತ್ರ ಅವರು ಮುಚ್ಚಲಿಲ್ಲ.

ಹೊರಡುವ ಮುನ್ನ ಆಡಮ್ಸ್ ಸಹಿ ಹಾಕಿದ್ದ ಕೆಲವು ನೇಮಕ ಪತ್ರಗಳು ಮೇಜಿನ ಮೇಲೆಯೇ ಉಳಿದಿದ್ದವು. ಹೊಸ ಸರ್ಕಾರ ಅವನ್ನು ಕೊಡಲಿಲ್ಲ. ಶಾಂತಿಪಾಲಕ ನ್ಯಾಯಾಧೀಶರ ಹುದ್ದೆ ಕೈತಪ್ಪಿದ ವಿಲಿಯಂ ಮಾರ್ಬರಿ ಸುಪ್ರೀಂ ಕೋರ್ಟ್‌ಗೆ ಹೋದರು. 1803ರ ಫೆಬ್ರವರಿ 24ರಂದು ಮಾರ್ಷಲ್ ತೀರ್ಪು ಕೊಟ್ಟರು: ಮಾರ್ಬರಿಗೆ ಹುದ್ದೆಯ ಹಕ್ಕಿದೆ, ಆದರೆ ನೇರವಾಗಿ ಆದೇಶ ಕೊಡುವ ಅಧಿಕಾರವನ್ನು ನಮಗೆ ಕೊಡುವ ಕಾಯ್ದೆಯ ಭಾಗ ಸಂವಿಧಾನಕ್ಕೆ ವಿರುದ್ಧ, ಆದ್ದರಿಂದ ಅದು ಅಸಿಂಧು. ಸರ್ಕಾರ ಆ ಸುತ್ತು ಗೆದ್ದಿತು, ಕಾಯ್ದೆಗಳನ್ನು ಸಂವಿಧಾನದ ಒರೆಗೆ ಹಚ್ಚುವ ಹಕ್ಕು ನ್ಯಾಯಾಲಯಕ್ಕೆ ಉಳಿಯಿತು. ಭಾರತದ ಸಂವಿಧಾನದ 13ನೇ ವಿಧಿಯಲ್ಲಿ ಈ ತತ್ವ ಬರವಣಿಗೆಯಲ್ಲೇ ಇದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ ಹೆಸರಿನ ಪ್ರಕರಣದಲ್ಲಿ 1973ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಿದ್ದುಪಡಿಗಳೂ ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದಿತು.

ಚುನಾವಣೆಯ ನಿಯಮದ ದೋಷವೂ ಸರಿಹೋಯಿತು. 1804ರ ಜೂನ್‌ನಲ್ಲಿ ಅಂಗೀಕೃತವಾದ ಹನ್ನೆರಡನೇ ತಿದ್ದುಪಡಿ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳಿಗೆ ಪ್ರತ್ಯೇಕ ಮತ ತಂದಿತು. ಮರುತಿಂಗಳು, ಜುಲೈ 11ರಂದು, ನ್ಯೂಜೆರ್ಸಿಯ ವೀಹಾಕೆನ್‌ನಲ್ಲಿ ಉಪಾಧ್ಯಕ್ಷ ಬರ್ ದ್ವಂದ್ವಯುದ್ಧದಲ್ಲಿ ಹ್ಯಾಮಿಲ್ಟನ್‌ಗೆ ಗುಂಡು ಹಾರಿಸಿದರು. ಹ್ಯಾಮಿಲ್ಟನ್ ಮರುದಿನ ತೀರಿಕೊಂಡರು.

ಎಣಿಕೆಗೆ ಬಂದವರು, ಮಾತಿಗೆ ಬಾರದವರು

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅನ್ಯಾಯ. ಚುನಾವಣೆ ನಡೆಯುತ್ತಿದ್ದ 1800ರ ಆಗಸ್ಟ್‌ನಲ್ಲಿ, ವರ್ಜೀನಿಯಾದ ರಿಚ್ಮಂಡ್ ಬಳಿ ಗೇಬ್ರಿಯಲ್ ಎಂಬ ಗುಲಾಮ ಕಮ್ಮಾರರು ಬಂಡಾಯಕ್ಕೆ ಜನ ಕಟ್ಟಿದ್ದರು. ದೇಶ ಕಟ್ಟಿದವರು ಯಾವ ಸ್ವಾತಂತ್ರ್ಯಕ್ಕಾಗಿ ಹೋರಾಡಿದರೋ ಅದನ್ನೇ ಅವರೂ ಬಯಸಿದ್ದರು. ಭಾರಿ ಮಳೆಯಿಂದ ದಂಗೆ ಮುಂದಕ್ಕೆ ಹೋಯಿತು, ಸುದ್ದಿ ಹೊರಬಿತ್ತು. ಗೇಬ್ರಿಯಲ್ ಮತ್ತು ಇಪ್ಪತ್ತಕ್ಕೂ ಹೆಚ್ಚು ಸಂಗಾತಿಗಳನ್ನು ಗಲ್ಲಿಗೇರಿಸಿದರು. ಆಗ ಅಲ್ಲಿ ಗವರ್ನರ್ ಆಗಿದ್ದವರು ಅದೇ ಮನ್ರೋ. ಗುಲಾಮರ ಲೆಕ್ಕದಿಂದ ದಕ್ಷಿಣಕ್ಕೆ ಸಿಕ್ಕ ಹೆಚ್ಚುವರಿ ಎಲೆಕ್ಟರ್‌ಗಳಿಲ್ಲದಿದ್ದರೆ ಆಡಮ್ಸ್ ಗೆಲ್ಲುತ್ತಿದ್ದರು ಎಂಬುದು ಅನೇಕ ಇತಿಹಾಸಕಾರರ ಲೆಕ್ಕಾಚಾರ. ನ್ಯೂಜೆರ್ಸಿಯಲ್ಲಿ ಆಸ್ತಿಯುಳ್ಳ ಅವಿವಾಹಿತ ಮಹಿಳೆಯರಿಗೂ ವಿಧವೆಯರಿಗೂ ಆಗ ಮತವಿತ್ತು. 1807ರಲ್ಲಿ ಅದನ್ನೂ ಕಿತ್ತುಕೊಂಡರು.

ಹೊರಗಿಟ್ಟ ಗುಲಾಮಗಿರಿಯ ಪ್ರಶ್ನೆಯೇ ಮುಂದೆ ದೇಶವನ್ನು ಒಡೆಯಿತು. 1860ರ ನವೆಂಬರ್‌ನಲ್ಲಿ ಗುಲಾಮಗಿರಿಯ ವಿಸ್ತರಣೆಯನ್ನು ವಿರೋಧಿಸಿದ ಅಬ್ರಹಾಂ ಲಿಂಕನ್ ಗೆದ್ದರು. ಈ ಸಲ ಸೋತವರು ಸೋಲು ಒಪ್ಪಲಿಲ್ಲ. ಲಿಂಕನ್ ಪ್ರಮಾಣವಚನ ಸ್ವೀಕರಿಸುವ ಮೊದಲೇ ಏಳು ರಾಜ್ಯಗಳು ಒಕ್ಕೂಟ ಬಿಟ್ಟು ಹೋದವು. ನಂತರದ ಅಂತರ್ಯುದ್ಧದಲ್ಲಿ ಸತ್ತವರು ಆರು ಲಕ್ಷಕ್ಕೂ ಹೆಚ್ಚು. 2021ರ ಜನವರಿ 6ರಂದು ಎಲೆಕ್ಟರ್‌ಗಳ ಮತ ಎಣಿಸುತ್ತಿದ್ದ ಸಂಸತ್ ಭವನಕ್ಕೇ ಸೋಲು ಒಪ್ಪದ ಗುಂಪು ನುಗ್ಗಿತು. ಅಂದು ರಾತ್ರಿ ಸದಸ್ಯರು ಮರಳಿ ಬಂದು ಎಣಿಕೆ ಮುಗಿಸಿದರು. ಮರುವರ್ಷ ಎಣಿಕೆಯ ಕಾನೂನನ್ನು ಬಿಗಿಗೊಳಿಸಿದರು.

ಸಂವಿಧಾನದ ದೋಷಗಳನ್ನು ತಿದ್ದುಪಡಿಯಿಂದ ಸರಿಪಡಿಸಬಹುದು. ಆದರೆ ಸೋಲನ್ನು ಒಪ್ಪುವ ಮನಸ್ಸನ್ನು ಯಾವ ತಿದ್ದುಪಡಿಯೂ ಕೊಡಲಾರದು. ಸೋತವರಿಗೆ ಮುಂದಿನ ಚುನಾವಣೆ ಬಂದೇ ಬರುತ್ತದೆಂಬ ನಂಬಿಕೆ ಬೇಕು. ಆ ನಂಬಿಕೆ ಹುಟ್ಟುವುದು ಗೆದ್ದವರ ಸಂಯಮದಿಂದ. ಜೇ, ಬೇಯಾರ್ಡ್, ಆಡಮ್ಸ್ ತಮ್ಮ ಪಕ್ಷವನ್ನು ಗೆಲ್ಲಿಸಲಿಲ್ಲ. ಫೆಡರಲಿಸ್ಟ್ ಪಕ್ಷಕ್ಕೆ ಮತ್ತೆಂದೂ ಅಧ್ಯಕ್ಷ ಸ್ಥಾನ ಸಿಗಲಿಲ್ಲ, ಕಾಲಕ್ರಮೇಣ ಅದು ಅಳಿದೇ ಹೋಯಿತು. ಆದರೆ ಅವರು ಬಿಟ್ಟುಕೊಟ್ಟ ಅಧಿಕಾರದಿಂದ ದೇಶ ಉಳಿಯಿತು, ತನ್ನ ತಪ್ಪುಗಳನ್ನು ತಿದ್ದಿಕೊಳ್ಳಲು ಅದಕ್ಕೆ ಕಾಲ ಸಿಕ್ಕಿತು. ಗಣರಾಜ್ಯಗಳ ಚರಿತ್ರೆ ಬರೆಯುವಾಗ ಗೆದ್ದವರ ಪಕ್ಕದಲ್ಲಿ ಇವರ ಹೆಸರನ್ನೂ ಅಷ್ಟೇ ಗೌರವದಿಂದ ಬರೆಯಬೇಕು.